ಹಿಡಿದುಕೊಂಡ ಬ್ರೇಕು

ಗಾಡಿ ಓಡದಿದ್ದರೆ ಎಂಜಿನ್ನನ್ನು ಬೈಯುವುದು ಲೋಕರೂಢಿ. ಆದರೆ ಎಂಜಿನ್ನು ಸರಿಯಾಗಿ ಗುರುಗುಟ್ಟುತ್ತಿದ್ದು, ಗೇರೂ ಬಿದ್ದು, ಕ್ಲಚ್ಚು ಬಿಟ್ಟ ಮೇಲೂ ಗಾಡಿಯು ಹಿಂಗಾಲನ್ನು ನೆಲಕ್ಕೆ ಊರಿ ಹಟಮಾರಿ ಎತ್ತಿನಂತೆ ನಿಂತೇಬಿಟ್ಟರೆ ದೋಷ ಎಂಜಿನ್ನಿನದಲ್ಲ, ಬ್ರೇಕಿನದು. ನಿಲ್ಲಿಸುವುದೇ ಅದರ ಉದ್ಯೋಗವಷ್ಟೆ. ಆ ಉದ್ಯೋಗವನ್ನು ಅದು ಅತಿ ಶ್ರದ್ಧೆಯಿಂದ ಮಾಡತೊಡಗಿದಾಗ ಏನು ಮಾಡಬೇಕೆಂಬುದು ಈ ಸಲದ ವಿಷಯ.

ಕೇರಳದಲ್ಲಿ ಬಂದು ನೆಲೆಸಿದ ನಮ್ಮಂಥವರಿಗೆ ಇದು ದೂರದ ಮಾತಲ್ಲ. ಇಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿನ ಸುಮಾರಿಗೆ ಮಳೆ ಬೀಳುತ್ತದೆ. ಜೂನಿನಲ್ಲಿ ಹಿಡಿಯುವ ಮುಂಗಾರು ಒಂದು. ಅದು ಹೋಯಿತೆಂದು ಕೊಡೆ ಮಡಿಸುವಷ್ಟರಲ್ಲಿ ಅಕ್ಟೋಬರಿನಲ್ಲಿ ಗುಡುಗಿನೊಡನೆ ಬರುವ ತುಲಾವರ್ಷ ಇನ್ನೊಂದು. ಕೊಚ್ಚಿಯಲ್ಲಿ ಇವೆರಡರ ಜೊತೆಗೆ ಉಪ್ಪುಗಾಳಿಯೂ ಸೇರಿ, ಕಬ್ಬಿಣವೆಂಬ ಕಬ್ಬಿಣವೆಲ್ಲ ಬಣ್ಣ ಬದಲಿಸುತ್ತದೆ. 2018ರ ಆಗಸ್ಟಿನ ಪ್ರವಾಹದಲ್ಲಿ ಆಲುವಾ, ಪರವೂರು ಕಡೆಯ ಎಷ್ಟೋ ಮನೆಯಂಗಳದ ಗಾಡಿಗಳು ನೀರಿನಲ್ಲಿ ಮುಳುಗಿ ಎದ್ದವು. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ನೀರು ಕಾಣದ ಗಾಡಿಗಳೂ ನಿಂತಲ್ಲೇ ನಿಂತವು. ಎರಡು ಸಲವೂ ವರ್ಕ್‌ಷಾಪಿನವರಿಗೆ ಬಂದ ದೂರುಗಳಲ್ಲಿ ಚಕ್ರ ತಿರುಗುವುದಿಲ್ಲವೆಂಬುದೂ ಒಂದು.

ಗಾಡಿಯ ಗೊಡವೆ ನಮಗೇಕೆಂದು ಯಾರೂ ಪುಟ ತಿರುಗಿಸಬಾರದು. ಒಂದರೊಳಗೊಂದು ಇಟ್ಟ ಎರಡು ಸ್ಟೀಲು ಲೋಟಗಳು ಕಚ್ಚಿಕೊಂಡಾಗ ಗೃಹಿಣಿಯರು ಏನು ಮಾಡುತ್ತಾರೆ? ಬಲವಾಗಿ ಎಳೆದರೆ ಬರುವುದಿಲ್ಲ. ನೆಲಕ್ಕೆ ಕುಟ್ಟಿದರೆ ಅಂಚು ನೆಗ್ಗುತ್ತದೆ. ಒಳಲೋಟಕ್ಕೆ ತಣ್ಣೀರು ಹೊಯ್ದು ಹೊರಲೋಟವನ್ನು ಬಿಸಿನೀರಿನಲ್ಲಿಟ್ಟರೆ ಹೊರಗಿನದು ಹಿಗ್ಗಿ, ಒಳಗಿನದು ಕುಗ್ಗಿ, ತಾವಾಗಿಯೇ ಬೇರೆಯಾಗುತ್ತವೆ. ಇಷ್ಟನ್ನು ಬಲ್ಲವರಿಗೆ ಬ್ರೇಕಿನ ವಿದ್ಯೆಯಲ್ಲಿ ಅರ್ಧ ಪಾಠ ಆಗಲೇ ಆದಂತೆ.

ಉಳಿದರ್ಧ ಪಾಠಕ್ಕೆ ಚಕ್ರದೊಳಗೆ ಏನಿದೆ ಎಂಬುದು ತಿಳಿಯಬೇಕು. ಡ್ರಮ್ಮು ಎಂದರೆ ಮದ್ದಳೆಯಲ್ಲ, ಬಾಣಲೆಯಂತಹ ಒಂದು ಎರಕದ ಕಬ್ಬಿಣದ ಪಾತ್ರೆ. ಅದು ಚಕ್ರದ ಜೊತೆ ತಿರುಗುತ್ತದೆ. ಅದರೊಳಗೆ, ತಿರುಗದೆ ನಿಂತ ತಗಡಿನ ಮೇಲೆ, ಅರ್ಧಚಂದ್ರಾಕಾರದ ಎರಡು ಷೂಗಳು ಎದುರು ಬದುರಾಗಿ ಕುಳಿತಿರುತ್ತವೆ. ಅವುಗಳ ಬೆನ್ನಿಗೆ ಲೈನಿಂಗು ಎಂಬ ಗಟ್ಟಿ ಪಟ್ಟಿ ಅಂಟಿಸಿರುತ್ತದೆ. ಕಾಲಿನಿಂದ ಪೆಡಲು ಒತ್ತಿದಾಗ ಬ್ರೇಕು ಎಣ್ಣೆಯ ಒತ್ತಡವು ವೀಲ್ ಸಿಲಿಂಡರಿನೊಳಗಿನ ಎರಡು ಪಿಸ್ಟನ್ನುಗಳನ್ನು ಹೊರಕ್ಕೆ ತಳ್ಳುತ್ತದೆ. ಅವು ಷೂಗಳನ್ನು ಅಗಲಿಸಿ ಡ್ರಮ್ಮಿನ ಒಳಮೈಗೆ ಒತ್ತುತ್ತವೆ. ಕಾಲು ತೆಗೆದೊಡನೆ ಸ್ಪ್ರಿಂಗುಗಳು ಷೂಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಹ್ಯಾಂಡ್ ಬ್ರೇಕು ಎಳೆದಾಗಲೂ ನಡೆಯುವುದು ಇದೇ ಕೆಲಸ. ಅಲ್ಲಿ ಎಣ್ಣೆಯ ಬದಲು ಒಂದು ಉಕ್ಕಿನ ಕೇಬಲು.

ಇಂತಹ ಬ್ರೇಕಿನ ಕೀರ್ತಿಯನ್ನು ಸಾಮಾನ್ಯವಾಗಿ ಫ್ರಾನ್ಸಿನ ಲೂಯಿ ರೆನೋಗೆ, 1902ನೆಯ ಇಸವಿಗೆ, ಸಲ್ಲಿಸುತ್ತಾರೆ. ಎಣ್ಣೆಯ ಒತ್ತಡದಿಂದ ನಾಲ್ಕೂ ಚಕ್ರಗಳನ್ನು ಹಿಡಿಯುವ ಏರ್ಪಾಡು 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿಗೆ ಬಂತು. ಶತಮಾನ ಕಳೆದರೂ ಡ್ರಮ್ಮು ಹೋಗಿಲ್ಲ. ಇಂದಿನ ಹಲವು ಪಿಕಪ್ಪುಗಳಲ್ಲಿ ಮುಂದೆ ಡಿಸ್ಕು ಬಂದಿದ್ದರೂ ಹಿಂದೆ ಡ್ರಮ್ಮೇ. ಅದಕ್ಕೆ ಕಾರಣವೂ ಉಂಟು. ಬಾಗಿಲಿನ ಕೆಳಗೆ ಸಿಕ್ಕಿಸಿದ ಮರದ ಬೆಣೆಯನ್ನು ನೆನೆಸಿಕೊಳ್ಳಿ. ಬಾಗಿಲನ್ನು ಅದರತ್ತ ನೂಕಿದಷ್ಟೂ ಬೆಣೆ ಬಿಗಿಯುತ್ತದೆ. ಹಾಗೆಯೇ ತಿರುಗುವ ಡ್ರಮ್ಮು ಮುಂದಿನ ಷೂವನ್ನು ತನ್ನತ್ತ ತಾನೇ ಎಳೆದುಕೊಂಡು ಹಿಡಿತವನ್ನು ಹೆಚ್ಚಿಸಿಕೊಳ್ಳುತ್ತದೆ. ಸಣ್ಣ ಬಲಕ್ಕೆ ದೊಡ್ಡ ಹಿಡಿತ. ಹೊರೆ ಹೊರುವ ಗಾಡಿಗೆ ಇದು ಅನುಕೂಲವೇ.

ಆದರೆ ಇದೇ ಗುಣ, ಬ್ರೇಕು ತುಕ್ಕು ಹಿಡಿದಾಗ, ತಿರುಗಿ ಬೀಳುತ್ತದೆ. ಕಚ್ಚಿದ ಚಕ್ರವನ್ನು ಮುಂದಕ್ಕೆ ಎಳೆದಷ್ಟೂ ಬೆಣೆ ಬಿಗಿಯುತ್ತದೆ. ಆದುದರಿಂದಲೇ ಬಲ್ಲವರು ಮೊದಲು ರಿವರ್ಸು ಗೇರು ಹಾಕಿ, ಎಂಜಿನ್ನನ್ನು ಅಬ್ಬರಿಸದೆ, ಗಾಡಿಯನ್ನು ಒಂದು ಗೇಣಿನಷ್ಟು ಹಿಂದಕ್ಕೆ ಮುಂದಕ್ಕೆ ತೂಗಿ ನೋಡುತ್ತಾರೆ. ಒಂದೆರಡು ರಾತ್ರಿಯ ತೆಳು ತುಕ್ಕಾದರೆ ‘ಟಪ್’ ಎಂದು ಬಿಟ್ಟುಕೊಳ್ಳುವುದುಂಟು. ಎರಡು ಮೂರು ಸಲ ತೂಗಿದರೂ ಬಿಡದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಆಮೇಲೆ ಮಾಡುವ ಬಲಾತ್ಕಾರವೆಲ್ಲ ಕ್ಲಚ್ಚಿಗೂ ಟೈರಿಗೂ ಕೇಡು.

ನನಗೆ ಈ ವಿದ್ಯೆ ಪುಸ್ತಕದಿಂದ ಬಂದುದಲ್ಲ. ಕಳೆದ ಅಕ್ಟೋಬರಿನ ಕೊನೆಯಲ್ಲಿ ಕೊಚ್ಚಿಯ ಪಳ್ಳುರುತ್ತಿಯಲ್ಲಿರುವ ನಮ್ಮ ಅಡುಗೆ ಭಟ್ಟರ ಅಂಗಳದಲ್ಲಿ ಎರಡು ದಿನ ಟಾರ್ಚು ಹಿಡಿದು ನಿಂತು ಕಲಿತದ್ದು. ಸರ್ಕಾರಿ ಗುಮಾಸ್ತನಿಗೆ ಅದಕ್ಕಿಂತ ದೊಡ್ಡ ಕೆಲಸವನ್ನು ಅಲ್ಲಿ ಯಾರೂ ಒಪ್ಪಿಸಲಿಲ್ಲ. ಭಟ್ಟರು ಕುಂದಾಪುರದ ಕಡೆಯವರು. ಮದುವೆ ಮುಂಜಿಗಳಿಗೆ ಅಡುಗೆ ಮಾಡಿ ಬಡಿಸುವುದು ಜೀವನೋಪಾಯ. ಪಾತ್ರೆ ಪಡಗ ಸಾಗಿಸಲು ಒಂದು ಹಳೆಯ ಪಿಕಪ್ಪು. ಮೊಣಕಾಲಿನ ಚಿಕಿತ್ಸೆಗೆಂದು ಅವರು ಜೂನಿನಲ್ಲಿ ಮಲಗಿದಾಗ ಗಾಡಿಯೂ ಅಂಗಳದಲ್ಲಿ ಟಾರ್ಪಾಲು ಹೊದ್ದು ಮಲಗಿತು, ಹ್ಯಾಂಡ್ ಬ್ರೇಕು ಎಳೆದುಕೊಂಡೇ. ನಾಲ್ಕು ತಿಂಗಳ ಮಳೆ ಕಳೆದ ಮೇಲೆ ತಿರುವನಂತಪುರದಿಂದ ಕರೆ ಬಂತು: ನವೆಂಬರ್ 1ಕ್ಕೆ ಅಲ್ಲಿಯ ಕನ್ನಡಿಗರ ಕೂಟದ ಊಟ, ನೂರೈವತ್ತು ಎಲೆ. ಆ ದಿನ ನಮಗೆ ರಾಜ್ಯೋತ್ಸವ, ಇಲ್ಲಿಯವರಿಗೆ ಕೇರಳಪ್ಪಿರವಿ. ಎರಡು ರಾಜ್ಯಗಳೂ 1956ರ ಅದೇ ದಿನ ಹುಟ್ಟಿದುವಾದ್ದರಿಂದ, ನಾವು ಯಾರ ದಿನದಲ್ಲಿ ಯಾರ ಹಬ್ಬ ಮಾಡುತ್ತೇವೆಂಬ ಲೆಕ್ಕವೇ ಇಲ್ಲ. ಮುಂಗಡವನ್ನು ತೆಗೆದುಕೊಂಡಾಯಿತು. ಗಾಡಿ ಮಾತ್ರ ಏಳಲಿಲ್ಲ. ಹಿಂದಿನ ಎಡಚಕ್ರ ಕಚ್ಚಿತ್ತು.

ಭಟ್ಟರ ಮಗ ಎಂಜಿನಿಯರಿಂಗ್ ಓದುವ ಹುಡುಗ. ಅವನು ಎಂಜಿನ್ನನ್ನು ಅಬ್ಬರಿಸಿ, ನೆಲದ ಮೇಲೆ ಟೈರಿನ ಕಪ್ಪು ಗೀಟು ಎಳೆದು, ಕ್ಲಚ್ಚಿನ ಸುಟ್ಟ ವಾಸನೆಯನ್ನು ಬೀದಿಯ ತುದಿಯವರೆಗೆ ಹರಡಿದ ಮೇಲೆ, ಪಕ್ಕದ ಮನೆಯವರೇ ಹೋಗಿ ಆಶಾನ್‌ರನ್ನು ಕರೆತಂದರು. ವಿದ್ಯೆ ಕಲಿಸುವ ಗುರುವಿಗೆ ಮಲಯಾಳದಲ್ಲಿ ಆಶಾನ್ ಎನ್ನುತ್ತಾರೆ. ವರ್ಕ್‌ಷಾಪಿನ ಹಿರಿಯ ಮೇಸ್ತ್ರಿಗೂ ಅದೇ ಗೌರವ. ಅವರು ಗಾಡಿಯನ್ನು ಒಂದು ಸುತ್ತು ಹಾಕಿ, “ಬ್ರೇಕ್ ಪಿಡಿಚ್ಚಿರಿಕ್ಕುಗಯಾಣ್” ಎಂದರು. ಬ್ರೇಕು ಹಿಡಿದುಕೊಂಡಿದೆ ಎಂದರ್ಥ. ನಮ್ಮ ಹಳಗನ್ನಡದ ‘ಪಿಡಿ’ ಹೊಸಗನ್ನಡದಲ್ಲಿ ‘ಹಿಡಿ’ಯಾಯಿತು, ಕೊಚ್ಚಿಯ ವರ್ಕ್‌ಷಾಪಿನಲ್ಲಿ ಅದು ಇನ್ನೂ ಪಕಾರದಲ್ಲೇ ಓಡಾಡಿಕೊಂಡಿದೆ. ಬಿ.ಎ. ಓದಿದುದಕ್ಕೆ ನನಗೆ ಅಂದು ಸಿಕ್ಕ ಪ್ರಯೋಜನ ಇಷ್ಟೇ.

ಆಶಾನ್ ಮೊದಲು ಮಾಡಿದ್ದು ಬ್ರೇಕಿನ ಕೆಲಸವಲ್ಲ, ಗಾಡಿ ಜರಗದಂತೆ ಮಾಡುವ ಕೆಲಸ. ಸಮತಟ್ಟಾದ ನೆಲ, ಮುಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ಮರದ ಬೆಣೆ. ಚಕ್ರದ ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ತುಸು ಸಡಿಲಿಸಿದರು. ಆಮೇಲೆ ಜಾಕಿ ಕೊಟ್ಟು ಎತ್ತಿ, ಅಚ್ಚಿನ ಕೆಳಗೆ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿದರು. ಹುಡುಗ ಮೂಲೆಯಲ್ಲಿದ್ದ ಎರಡು ಮುರಕಲ್ಲುಗಳನ್ನು ತಂದಿಟ್ಟಿದ್ದ. ಅವನ್ನು ಕಾಲಿನಿಂದ ಸರಿಸಿದರು. ನಮ್ಮ ಕರಾವಳಿಯಲ್ಲೂ ಇಲ್ಲಿಯೂ ಮನೆ ಕಟ್ಟುವ ಆ ಕೆಂಪುಕಲ್ಲು ಗೋಡೆಯಲ್ಲಿ ಭದ್ರವೇ ಹೊರತು ಗಾಡಿಯಡಿ ಸೀಳಿ ಪುಡಿಯಾಗುತ್ತದೆ. ಬರಿಯ ಜಾಕಿಯನ್ನು ನಂಬಿ, ಇಲ್ಲವೆ ಕಲ್ಲನ್ನು ನಂಬಿ, ಗಾಡಿಯಡಿ ತಲೆ ಹಾಕಬಾರದು. ಈ ಲೇಖನದಲ್ಲಿ ಬೇರೇನನ್ನು ಮರೆತರೂ ಈ ಮಾತನ್ನು ಮರೆಯಬೇಡಿ.

ಎರಡನೆಯದು, ಹಿಡಿದಿರುವುದು ಯಾವುದೆಂದು ಗೊತ್ತುಮಾಡುವುದು. ಕಚ್ಚುವ ತಾವುಗಳು ನಾಲ್ಕಾರು. ಕೊಳವೆಯೊಳಗೆ ಕೇಬಲು ತುಕ್ಕು ಹಿಡಿದು, ಒಳಗೆ ಲಿವರನ್ನು ಇಳಿಸಿದರೂ ಚಕ್ರದಲ್ಲಿ ಸಡಿಲವಾಗದಿರಬಹುದು. ಒದ್ದೆಯಾದ ಲೈನಿಂಗು ಡ್ರಮ್ಮಿಗೆ ತುಕ್ಕಿನಿಂದ ಅಂಟಿರಬಹುದು. ವೀಲ್ ಸಿಲಿಂಡರಿನ ಪಿಸ್ಟನ್ನು ಒಳಗೇ ಹಿಡಿದಿರಬಹುದು. ಇವೆಲ್ಲ ಚಕ್ರ ತಿರುಗದಂತೆ ಮಾಡುವ ಕಾರಣಗಳು. ಚಕ್ರ ತಿರುಗುತ್ತದೆ, ಆದರೆ ಡ್ರಮ್ಮು ಹೊರಬರುವುದಿಲ್ಲವೆಂದರೆ ಅದು ಬೇರೆ ವ್ಯಾಧಿ. ನಡುವಿನ ಹಬ್ಬಿನ ಸುತ್ತ ತುಕ್ಕು ಕಟ್ಟಿರುತ್ತದೆ, ಅಥವಾ ವರ್ಷಗಟ್ಟಲೆ ಉಜ್ಜಿ ಉಜ್ಜಿ ಡ್ರಮ್ಮಿನ ಒಳಮೈ ಸವೆದು ಅಂಚಿನಲ್ಲಿ ಒಂದು ಏಣು ಎದ್ದಿರುತ್ತದೆ. ಅಗಲವಾಗಿ ಕುಳಿತ ಷೂ ಆ ಏಣಿಗೆ ಸಿಕ್ಕಿಕೊಳ್ಳುತ್ತದೆ.

ಭಟ್ಟರ ಗಾಡಿಯಲ್ಲಿ ಒಂದಲ್ಲ, ಮೂರು ಕಾರಣ ಕೂಡಿದ್ದವು. ಆಶಾನ್ ಕೆಳಗೆ ನುಸುಳಿ, ಹ್ಯಾಂಡ್ ಬ್ರೇಕು ಇಳಿಸಿದ್ದರೂ ಕೇಬಲು ಇನ್ನೂ ಸೆಟೆದೇ ಇರುವುದನ್ನು ತೋರಿಸಿದರು. ಅದರ ಬಾಯಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಹಿಂದಕ್ಕೂ ಮುಂದಕ್ಕೂ ಆಡಿಸಿ ಸಡಿಲ ಮಾಡಿದರು. ಚಕ್ರ ಬಿಚ್ಚಿದ ಮೇಲೆ ಹಬ್ಬಿನ ಸುತ್ತ, ಬೋಲ್ಟುಗಳ ಬುಡದಲ್ಲಿ, ಅದೇ ಎಣ್ಣೆಯ ಕೆಲವೇ ತೊಟ್ಟು. ಲೈನಿಂಗಿಗೆ ಮಾತ್ರ ತಾಗಕೂಡದು. ಎಣ್ಣೆ ಕುಡಿದ ಲೈನಿಂಗನ್ನು ಎಷ್ಟು ತೊಳೆದರೂ ನಂಬುವಂತಿಲ್ಲ. ಆಮೇಲೆ ಸುತ್ತಿಗೆಯಿಂದ ಡ್ರಮ್ಮಿನ ಮುಖದ ಮೇಲೆ, ಬೋಲ್ಟುಗಳ ನಡುವೆ, ಸುತ್ತಲೂ ಒಂದೊಂದೇ ಪೆಟ್ಟು. ಅಂಚಿಗೆ ಹೊಡೆಯಲಿಲ್ಲ, ಎರಕದ ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಅಷ್ಟು ಮಾಡಿ, ಕೈ ಒರೆಸಿಕೊಂಡು, “ನಾಳೆ” ಎಂದು ಹೊರಟೇಹೋದರು. ಎಣ್ಣೆಗೆ ರಾತ್ರಿ ಕೆಲಸ, ಮನುಷ್ಯನಿಗೆ ನಿದ್ರೆ ಎಂಬುದು ಅವರ ನೀತಿ.

ಮರುದಿನ ಬೆಳಿಗ್ಗೆ ಮತ್ತೊಂದು ಸುತ್ತು ತಟ್ಟಿದಾಗ ಒಳಗೆ ಏನೋ ಕಳಚಿದ ಸದ್ದಾಗಿ ಡ್ರಮ್ಮು ಕಾಲು ಸುತ್ತು ತಿರುಗಿತು. ಹಲವು ಡ್ರಮ್ಮುಗಳ ಮುಖದಲ್ಲಿ ಮರೆಯುಳ್ಳ ಎರಡು ತೂತುಗಳಿರುತ್ತವೆ. ಅವಕ್ಕೆ ಹೊಂದುವ ಬೋಲ್ಟು ಹಾಕಿ, ಇದಕ್ಕೊಂದು ಅದಕ್ಕೊಂದು ಎಂಬಂತೆ ಅರ್ಧರ್ಧ ಸುತ್ತು ಬಿಗಿದರೆ ಬೋಲ್ಟುಗಳೇ ಡ್ರಮ್ಮನ್ನು ಹೊರಕ್ಕೆ ತಳ್ಳುತ್ತವೆ. ಅರ್ಧ ಇಂಚು ಬಂತು, ನಿಂತಿತು. ಹುಡುಗ ತಾಳಲಾರದೆ ದೊಡ್ಡ ಸುತ್ತಿಗೆ ಎತ್ತಿದ. ಆಶಾನ್ ಅವನ ಮುಖವನ್ನೂ ನೋಡದೆ, “ಪದುಕ್ಕೆ ಮದಿ ಮೋನೇ” ಎಂದರು. ನಿಧಾನವಾದರೆ ಸಾಕು ಮಗನೇ.

ನಾನು ನಿಮಗೆ ಹೇಳಬೇಕೆಂದಿದ್ದುದು ಮುಖ್ಯವಾಗಿ ಇದನ್ನೇ. ಆಗ ಮುಂದಕ್ಕೆ ಎಳೆಯುವ ಬದಲು ಆಶಾನ್ ಡ್ರಮ್ಮನ್ನು ಮತ್ತೆ ಒಳಕ್ಕೆ ತಳ್ಳಿದರು! ಎರಡು ದಿನ ದುಡಿದು ಗಳಿಸಿದ ಅರ್ಧ ಇಂಚನ್ನು ಬಿಟ್ಟುಕೊಟ್ಟರು. ಅನಂತರ ಹಿಂಬದಿಯ ತಗಡಿನಲ್ಲಿದ್ದ ರಬ್ಬರು ಬಿರಡೆ ತೆಗೆದು, ಆ ಸಣ್ಣ ಕಿಂಡಿಯಲ್ಲಿ ಎರಡು ಸ್ಕ್ರೂಡ್ರೈವರು ತೂರಿಸಿದರು. ಒಂದರಿಂದ ಅಡ್ಡಿಯ ಲಿವರನ್ನು ಸರಿಸಿ ಹಿಡಿದು, ಇನ್ನೊಂದರಿಂದ ಒಳಗಿನ ಹಲ್ಲುಚಕ್ರವನ್ನು ಒಂದೊಂದೇ ಹಲ್ಲು ಹಿಂದಕ್ಕೆ ತಿರುಗಿಸಿದರು. ಲೈನಿಂಗು ಸವೆದಂತೆಲ್ಲ ಷೂಗಳನ್ನು ಅಗಲಿಸುತ್ತ ಬರುವುದು ಆ ಹಲ್ಲುಚಕ್ರದ ಕೆಲಸ. ಅದನ್ನು ಹಿಂದಕ್ಕೆ ತಿರುಗಿಸಿದರೆ ಷೂಗಳು ಒಳಸರಿದು ಏಣಿನಿಂದ ಬಿಡಿಸಿಕೊಳ್ಳುತ್ತವೆ. ಹತ್ತು ನಿಮಿಷದಲ್ಲಿ ಡ್ರಮ್ಮು ಎರಡು ಕೈಗಳಲ್ಲಿ ಹಲಸಿನ ಹಣ್ಣಿನಂತೆ ಬಂತು. ಹೊರಗಿನಿಂದ ಎಳೆದು ಬಿಡಿಸುವುದಲ್ಲ, ಒಳಗಿನ ಬಿಗಿ ಇಳಿಸಿ ಬಿಡಿಸುವುದು.

ಇಷ್ಟಕ್ಕೂ ಬಾರದಿದ್ದರೆ ಎಳೆಯುವ ಪುಲ್ಲರು ಉಂಟು, ಕಾಯಿಸುವ ಬೆಂಕಿಯೂ ಉಂಟು. ಕಾಯಿಸಿದರೆ ಡ್ರಮ್ಮು ನಮ್ಮ ಹೊರಲೋಟದಂತೆ ಹಿಗ್ಗುವುದು ನಿಜ. ಆದರೆ ಒಳಗಿನ ರಬ್ಬರು ಸೀಲುಗಳೂ ಗ್ರೀಸೂ ಸುಡುತ್ತವೆ. ಅದು ವರ್ಕ್‌ಷಾಪಿನವರ ಕೆಲಸ, ಅಂಗಳದ್ದಲ್ಲ. ಕೆಲವು ಗಾಡಿಗಳಲ್ಲಿ ಹಬ್ಬನ್ನೇ ಬಿಚ್ಚದೆ ಡ್ರಮ್ಮು ಬರುವುದಿಲ್ಲ. ಅವನ್ನೂ ಬಲ್ಲವರಿಗೇ ಬಿಡಬೇಕು.

ಡ್ರಮ್ಮು ಬಂದೊಡನೆ ಒಳಗಿನ ಕಪ್ಪು ಧೂಳನ್ನು ಹುಡುಗ ಬಾಯಿಂದ ಊದಲು ಬಗ್ಗಿದ. ಆಶಾನ್ ಅವನ ಭುಜ ಹಿಡಿದು ಹಿಂದಕ್ಕೆಳೆದರು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ದಶಕಗಳು ಕಳೆದ ಮೇಲೂ ಕ್ಯಾನ್ಸರ್ ತರಬಲ್ಲದು. ಊದಬಾರದು, ಗಾಳಿ ಪಂಪು ಹಿಡಿಯಬಾರದು, ಒಣಗಿದ ಬ್ರಷ್ಷಿನಿಂದ ಗುಡಿಸಬಾರದು. ಮುಖಕ್ಕೆ ಮಾಸ್ಕು ಕಟ್ಟಿಕೊಂಡು, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು.

ಒರೆಸಿದ ಮೇಲೆ ನಿಜಸ್ಥಿತಿ ಕಂಡಿತು. ಒಂದು ಷೂವಿನ ಲೈನಿಂಗು ಬೆನ್ನಿನಿಂದ ಕಿತ್ತು ಡ್ರಮ್ಮಿಗೇ ಅಂಟಿತ್ತು. ಬೆಳಿಗ್ಗೆ ಕೇಳಿದ ಸದ್ದು ಅದೇ. ವೀಲ್ ಸಿಲಿಂಡರಿನ ರಬ್ಬರು ಟೊಪ್ಪಿ ಸರಿಸಿದರೆ ಒಳಗೆ ಎಣ್ಣೆಯ ಪಸೆ. ಪಿಸ್ಟನ್ನು ತುಕ್ಕಿನಿಂದ ಒರಟಾಗಿ ಸೋರತೊಡಗಿತ್ತು. ಸಾಮಾನ್ಯ ಬ್ರೇಕು ಎಣ್ಣೆ ಉಪ್ಪಿನಂತೆ ಗಾಳಿಯ ತೇವ ಹೀರುವ ಪದಾರ್ಥ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಹೀರಿದ ನೀರು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕೆನ್ನುವುದು ಇದಕ್ಕಾಗಿಯೇ.

ಹೊಸ ಷೂಗಳನ್ನೂ ಸಿಲಿಂಡರನ್ನೂ ಎರ್ನಾಕುಳಂನಿಂದ ತರಿಸಬೇಕು, ಎರಡು ಮೂರು ದಿನ ಬೇಕು ಎಂದರು ಆಶಾನ್. ಊಟಕ್ಕೆ ಉಳಿದಿದ್ದುದು ಎರಡೇ ದಿನ. ಹುಡುಗ ಒಂದು ಉಪಾಯ ಹೂಡಿದ: ಆ ಚಕ್ರದ ಬ್ರೇಕು ಪೈಪನ್ನು ಮುಚ್ಚಿಬಿಡೋಣ, ಮೂರು ಚಕ್ರದ ಬ್ರೇಕಿನಲ್ಲಿ ಮೆಲ್ಲಗೆ ಹೋಗಿಬರೋಣ. ಭಟ್ಟರು ನನ್ನತ್ತ ನೋಡಿದರು. ನಾನು ಆಶಾನ್‌ರತ್ತ ನೋಡಿದೆ. ಅವರು ಪಾನಾವನ್ನು ಕೆಳಗಿಟ್ಟು, ಹಾಗೆ ಮಾಡಿದರೆ ತಾನು ಈ ಗಾಡಿಗೆ ಇನ್ನು ಕೈಹಚ್ಚುವುದಿಲ್ಲ ಎಂದರು.

ಅವರ ಕಾರಣ ಸರಿಯಾದುದೇ. ಒಂದು ಮಗ್ಗುಲಲ್ಲಿ ಮಾತ್ರ ಹಿಡಿಯುವ ಬ್ರೇಕು ಒದ್ದೆ ರಸ್ತೆಯಲ್ಲಿ ಗಾಡಿಯ ಹಿಂಭಾಗವನ್ನು ಪಕ್ಕಕ್ಕೆ ಎಳೆಯುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಮಡಿ. ಕೊಚ್ಚಿಯಿಂದ ತಿರುವನಂತಪುರಕ್ಕೆ ಆಲಪ್ಪುಳ, ಕೊಲ್ಲಂ ಮೂಲಕ ಇನ್ನೂರು ಕಿಲೋಮೀಟರು ದಾರಿ. ಕೊನೆಗೆ ಬರುವುದು ಏರಿಳಿತದ ಗುಡ್ಡಗಳ ಮೇಲೆ ಕಟ್ಟಿದ ಊರು. ದಾರಿಯುದ್ದಕ್ಕೂ ಶಾಲೆಯ ಮಕ್ಕಳು. ಆ ಮಕ್ಕಳಿಗೆ ನಮ್ಮ ಊಟದ ಅವಸರ ಗೊತ್ತಿಲ್ಲ.

ಭಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾಲ್ಕು ತಿಂಗಳು ದುಡಿಮೆಯಿಲ್ಲದ ಮನೆ. ಬಾಡಿಗೆ ಗಾಡಿ ಹಿಡಿದರೆ ಈ ಊಟದಲ್ಲಿ ಉಳಿಯುವುದು ಬಹುಮಟ್ಟಿಗೆ ಅದಕ್ಕೇ ಹೋಗುತ್ತದೆ. ಕೊನೆಗೆ, “ಲಾಭ ಮುಂದಿನ ಊಟದಲ್ಲಿ ಬರ್ತದೆ ಮಾರಾಯ್ರೆ, ಬಾಡಿಗೆ ಗಾಡಿಗೆ ಹೇಳಿ” ಎಂದರು. ನೂರೈವತ್ತು ಎಲೆ ಊಟ ಸಾಂಗವಾಗಿ ನಡೆಯಿತು. ಪಿಕಪ್ಪಿಗೆ ಮುಂದಿನ ವಾರ ಹೊಸ ಷೂಗಳು ಬಂದವು, ಒಂದು ಚಕ್ರಕ್ಕಲ್ಲ, ಎರಡಕ್ಕೂ. ಎಡಬಲಗಳ ಹಿಡಿತ ಸಮನಾಗಿರಬೇಕಷ್ಟೆ. ಆಶಾನ್ ಒಂದು ಪಕ್ಕ ಪೂರ್ತಿ ಜೋಡಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿದರು. ಸ್ಪ್ರಿಂಗು ಎಲ್ಲಿ ಸೇರಬೇಕೆಂಬ ಸಂಶಯ ಬಂದರೆ ಬಿಚ್ಚದ ಪಕ್ಕವೇ ಮಾದರಿ. ಡ್ರಮ್ಮಿನ ಮೇಲೆ ಅಚ್ಚೊತ್ತಿದ್ದ ಗರಿಷ್ಠ ವ್ಯಾಸವನ್ನು ಅಳೆದು ನೋಡಿದರು. ಅದನ್ನು ಮೀರಿ ಸವೆದಿದ್ದರೆ ಡ್ರಮ್ಮನ್ನೇ ಬದಲಿಸಬೇಕು. ಪೈಪಿನೊಳಗಿನ ಗಾಳಿ ತೆಗೆದು, ಪೆಡಲು ಗಟ್ಟಿಯಾಗುವವರೆಗೆ ಒತ್ತಿ, ಬರಿಯ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಪರೀಕ್ಷಿಸಿದ ಮೇಲೆಯೇ ಗಾಡಿ ರಸ್ತೆಗಿಳಿಯಿತು.

ಇನ್ನು ನಾವು ಮಾಡಬಹುದಾದ ಸುಲಭದ ಕೆಲಸಗಳು. ನೀರು ನಿಂತ ರಸ್ತೆ ದಾಟಿ ಬಂದರೆ, ಹಿಂದೆ ಮುಂದೆ ಯಾರೂ ಇಲ್ಲದುದನ್ನು ನೋಡಿಕೊಂಡು, ಮೆಲ್ಲಗೆ ಓಡಿಸುತ್ತ ಬ್ರೇಕನ್ನು ನಾಲ್ಕಾರು ಸಲ ಹಗುರವಾಗಿ ಒತ್ತಿರಿ; ಲೈನಿಂಗು ಒಣಗುತ್ತದೆ. ಗಾಡಿಯನ್ನು ವಾರಗಟ್ಟಲೆ ಬಿಟ್ಟು ಊರಿಗೆ ಹೊರಟರೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮೊದಲನೆಯ ಗೇರಿನಲ್ಲಿಟ್ಟು, ಚಕ್ರಗಳಿಗೆ ಎರಡೂ ಕಡೆ ಬೆಣೆ ಕೊಟ್ಟು, ಹ್ಯಾಂಡ್ ಬ್ರೇಕನ್ನು ಇಳಿಸಿಬಿಡಿ. ಇಳಿಜಾರಿನಲ್ಲಿ ಇದು ಸಲ್ಲದು. ಅಲ್ಲಿ ಹ್ಯಾಂಡ್ ಬ್ರೇಕು ಬೇಕೇ ಬೇಕು, ಆದ್ದರಿಂದ ದೀರ್ಘಕಾಲ ಅಲ್ಲಿ ಬಿಡಲೇಬೇಡಿ. ನೀವಿಲ್ಲದಾಗ ವಾರಕ್ಕೊಮ್ಮೆ ಗಾಡಿಯನ್ನು ನಾಲ್ಕು ಮಾರು ಹಿಂದೆ ಮುಂದೆ ಓಡಿಸಲು, ಓಡಿಸಬಲ್ಲ ನೆರೆಯವರೊಬ್ಬರಿಗೆ ಬೀಗದ ಕೈ ಕೊಟ್ಟುಹೋದರೆ ಇನ್ನೂ ಉತ್ತಮ. ಪರಸ್ಥಳದಲ್ಲಿ ನೆರೆಯವರೇ ನೆಂಟರು. ಊರಿನಿಂದ ಮರಳುವಾಗ ಅವರಿಗೊಂದು ಡಬ್ಬಿ ಹಪ್ಪಳ ತರುವುದನ್ನು ಮಾತ್ರ ಮರೆಯಬೇಡಿ.